ಮನೆಗೆ ಮಂಜೂರಾತಿ ಸಿಕ್ಕಿತು, ಮಗುವಿಗೆ ಜಾಗವೆಲ್ಲಿ?

ಶಾಲೆಗಳು ಪುನರಾರಂಭವಾಗುವ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುವ ಸಂದರ್ಭ ಬಂದಿತ್ತು. ಒಂದು ತಲೆಮಾರಿನ ಹಿಂದೆ ಅಪ್ಪಟ ಹಳ್ಳಿಯಾಗಿದ್ದ ಊರು ಅದು. ಅರಳಿಕಟ್ಟೆಯೂ ಅದರ ಪಕ್ಕದ ಮಂಗಳೂರು ಹೆಂಚಿನ ಶಾಲೆಯೂ ಇದ್ದ ಹಾಗೆಯೇ ಇವೆ. ಶಾಲೆಯ ಹಿಂದೆ ರಾಗಿ ಹೊಲವಿದ್ದ ಕಡೆ ಮಾತ್ರ ಇಪ್ಪತ್ತು ಅಂತಸ್ತಿನ ವಸತಿ ಸಮುಚ್ಚಯಗಳು ಸಾಲಾಗಿ ಎದ್ದು ನಿಂತಿವೆ. ಮುಖ್ಯ ಶಿಕ್ಷಕಿಯ ಮೇಜಿನ ಮುಂದೆ ತಾಯಂದಿರ ಸಾಲು. ಒಂದೇ ಕೋಣೆಯಲ್ಲಿ ಎರಡು ತರಗತಿ, ಜಗುಲಿಯ ಮೇಲೆ ಮತ್ತೊಂದು. ಮಳೆ ಬಂದರೆ ಜಗುಲಿಯ ತರಗತಿಗೆ ಬಿಡುವು.

ಸಾಲಿನಲ್ಲಿದ್ದ ಒಬ್ಬ ತಾಯಿ ಯಾದಗಿರಿ ಕಡೆಯವರು. ಗಂಡ ಅದೇ ಸಮುಚ್ಚಯವೊಂದರ ಕಾವಲುಗಾರ, ಆಕೆ ಅಲ್ಲಿನ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಶಾಲೆ ಹತ್ತಿರವೇ ಇದೆಯಲ್ಲ ಎಂದು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಚಿಕ್ಕದು: ‘ಸಾಲಿ ಅದ ರೀ, ಕೂಡ್ಲಿಕ್ಕ ಜಾಗಾ ಇಲ್ರಿ.’ ಮುಖ್ಯ ಶಿಕ್ಷಕಿ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಕಾನೂನು ಹಾಗೆ ಕಳುಹಿಸಲು ಬಿಡುವುದೂ ಇಲ್ಲ. ಆದರೆ ಹೆಸರು ಬರೆದುಕೊಂಡ ಮಾತ್ರಕ್ಕೆ ಗೋಡೆ ಹಿಗ್ಗುವುದಿಲ್ಲವಲ್ಲ!

ಆ ಸಮುಚ್ಚಯಗಳಿಗೆ ಅನುಮತಿ ಕೊಡುವ ಮುನ್ನ ಯಾರು ಯಾರನ್ನು ಕೇಳಲಾಗಿತ್ತು ಎಂಬುದನ್ನು ನೋಡಿದರೆ ಪಟ್ಟಿ ಉದ್ದವಾಗಿಯೇ ಇದೆ. ನೀರು ಸಾಕಾಗುವುದೇ ಎಂದು ಜಲಮಂಡಳಿಯನ್ನು, ವಿದ್ಯುತ್ ಇದೆಯೇ ಎಂದು ಬೆಸ್ಕಾಂ ಅನ್ನು, ಬೆಂಕಿ ಬಿದ್ದರೆ ಗತಿಯೇನು ಎಂದು ಅಗ್ನಿಶಾಮಕ ಇಲಾಖೆಯನ್ನು, ಕೊಳಚೆ ನೀರು ಎಲ್ಲಿಗೆ ಹೋಗುವುದೆಂದು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಲಾಗುತ್ತದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯೂ ಬೇಕು. ಎತ್ತರದ ಕಟ್ಟಡವಾದರೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವೂ ಬೇಕು. ಆಕಾಶದಲ್ಲಿ ಹಾರುವ ವಿಮಾನಕ್ಕೆ ತೊಂದರೆಯಾದೀತೇ ಎಂದು ವಿಚಾರಿಸುವ ವ್ಯವಸ್ಥೆಯು ನೆಲದ ಮೇಲೆ ನಡೆದು ಬರುವ ಮಗುವಿಗೆ ಕೂರಲು ಜಾಗವಿದೆಯೇ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. ಶಿಕ್ಷಣ ಇಲಾಖೆಗೆ ಆ ಕಡತದಲ್ಲಿ ಒಂದು ಹಾಳೆಯ ಜಾಗವೂ ಇಲ್ಲ.

ನಗರ ಬೆಳೆಯಬಾರದು, ಹೊಸ ಮನೆಗಳು ಬೇಡ ಎಂಬುದು ಈ ಲೇಖನದ ವಾದವಲ್ಲ. ಮನೆಗಳು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಮನೆಗೆ ಒಪ್ಪಿಗೆ ಕೊಡುವ ಕೈಯೇ ಶಾಲೆಯ ಲೆಕ್ಕವನ್ನೂ ಅದೇ ಹೊತ್ತಿಗೆ, ಅದೇ ಕಡತದಲ್ಲಿ ಬರೆಯಬೇಕು ಎಂಬುದಷ್ಟೇ ಇಲ್ಲಿನ ಒತ್ತಾಯ.

ಎರಡು ಕಡತ, ಎರಡು ದಾರಿ

ಕಡ್ಡಾಯ ಮತ್ತು ಉಚಿತ ಶಿಕ್ಷಣದ ಹಕ್ಕಿನ ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಓದುವ ಹಕ್ಕನ್ನು ಅದು ಕೊಟ್ಟಿತು. ಒಂದರಿಂದ ಐದನೇ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಯ ಮಗುವಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ನಿಯಮಗಳು ಹೇಳುತ್ತವೆ. ಶಾಲೆ ಇಲ್ಲದ ಕಡೆ ಮೂರು ವರ್ಷಗಳಲ್ಲಿ ಸ್ಥಾಪಿಸಬೇಕೆಂದು ಕಾಯ್ದೆಯ 6ನೇ ಕಲಂ ವಿಧಿಸಿದ ಗಡುವು 2013ರ ಮಾರ್ಚ್‌ನಲ್ಲೇ ಮುಗಿಯಿತು. ಆದರೆ ಈ ಲೆಕ್ಕವೆಲ್ಲ ದೂರದ ಲೆಕ್ಕ. ಒಂದು ಕಿಲೋಮೀಟರ್ ಒಳಗೆ ಶಾಲೆಯೊಂದು ಇದ್ದರೆ ಕಾನೂನಿನ ದೃಷ್ಟಿಯಲ್ಲಿ ಊರಿಗೆ ಶಾಲೆ ಇದೆ. ಆ ವರ್ತುಲದೊಳಗೆ ಇನ್ನೂರು ಮನೆಗಳಿದ್ದದ್ದು ಐದು ಸಾವಿರವಾದರೂ ನಕ್ಷೆಯ ಮೇಲಿನ ಚುಕ್ಕೆ ಬದಲಾಗುವುದಿಲ್ಲ.

ಇದೇ ಕಾಯ್ದೆಯ 9ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದೂ ಅದರದೇ ಹೊಣೆ. ನಗರದಲ್ಲಿ ಸ್ಥಳೀಯ ಸಂಸ್ಥೆ ಎಂದರೆ ಪಾಲಿಕೆ. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವುದೂ ಪಾಲಿಕೆಯೇ. ಅಂದರೆ ಎಷ್ಟು ಮನೆಗಳು ಬರಲಿವೆ ಎಂದು ಬಲ್ಲ ಸಂಸ್ಥೆಯೇ ಎಷ್ಟು ಮಕ್ಕಳಿದ್ದಾರೆ ಎಂದು ತಿಳಿದಿರಬೇಕಾದ ಸಂಸ್ಥೆಯೂ ಹೌದು. ಆದರೂ ಒಂದು ವಿಭಾಗದ ಕಡತ ಇನ್ನೊಂದರ ಮೇಜಿಗೆ ಹೋಗುವುದಿಲ್ಲ.

ಈ ಬಿರುಕಿನ ಬೇರು ಸಂವಿಧಾನದ ತಿದ್ದುಪಡಿಗಳಲ್ಲೇ ಇದೆ. ಪಂಚಾಯಿತಿಗಳಿಗೆ ಸಂಬಂಧಿಸಿದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣ ಸ್ಪಷ್ಟವಾಗಿ ಸೇರಿದೆ. ನಗರಗಳಿಗೆ ಸಂಬಂಧಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯಿದೆ, ಭೂಬಳಕೆ ಹಾಗೂ ಕಟ್ಟಡ ನಿರ್ಮಾಣದ ನಿಯಂತ್ರಣವಿದೆ. ಶಿಕ್ಷಣದ ವಿಚಾರದಲ್ಲಿ ಮಾತ್ರ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನ ಎಂಬ ಅಸ್ಪಷ್ಟ ಮಾತಷ್ಟೇ ಇದೆ. ಬೆಂಗಳೂರಿನ ಬಹುಪಾಲು ಸರ್ಕಾರಿ ಶಾಲೆಗಳು ರಾಜ್ಯದ ಶಾಲಾ ಶಿಕ್ಷಣ ಇಲಾಖೆಯವು. ಪಾಲಿಕೆಯ ಶಾಲೆಗಳು ಕಡಿಮೆ. ಹಳ್ಳಿಯೊಂದು ನಗರಕ್ಕೆ ಸೇರಿದ ದಿನ ಅದರ ರಸ್ತೆ, ಚರಂಡಿ, ಬೀದಿದೀಪಗಳು ಪಾಲಿಕೆಗೆ ಹೋದವು. ಶಾಲೆ ಇಲಾಖೆಯ ಬಳಿಯೇ ಉಳಿಯಿತು.

2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2011ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ 84 ಲಕ್ಷ ದಾಟಿತ್ತು. ಬೆಳವಣಿಗೆಯ ಬಹುಪಾಲು ನಡೆದದ್ದು ಆ ಹಳ್ಳಿಗಳ ಹೊಲಗಳಲ್ಲಿ. ಆದರೆ ಆ ಹಳ್ಳಿಗಳ ಶಾಲೆಗಳು ಹಳ್ಳಿಯ ಅಳತೆಗೆ ಕಟ್ಟಿದವು. ನಾಲ್ಕು ಕೋಣೆ, ಒಂದು ಜಗುಲಿ, ಮುಂದೊಂದು ಅಂಗಳ. ಹೊಲ ನಗರವಾಯಿತು, ಶಾಲೆ ಹಳ್ಳಿಯಾಗಿಯೇ ಉಳಿಯಿತು.

ಕಾಯ್ದಿಟ್ಟ ಜಾಗ ಏನಾಯಿತು?

ನಮ್ಮಲ್ಲಿ ಕಾನೂನೇ ಇಲ್ಲವೆಂದು ಹೇಳುವಂತಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ 16ನೇ ಕಲಂ, ಪ್ರಾಧಿಕಾರ ರಚಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದರ ಜೊತೆಗೆ ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ನಾಗರಿಕ ಸೌಲಭ್ಯಗಳಿಗೆ ಕಾಯ್ದಿರಿಸಬೇಕೆಂದು ಹೇಳುತ್ತದೆ. ‘ಸಿ.ಎ. ನಿವೇಶನ’ ಎಂದು ನಾವು ಕರೆಯುವುದು ಇದನ್ನೇ. ಕಾಯ್ದೆಯ ಆಶಯ ಒಳ್ಳೆಯದು. ದೋಷವಿರುವುದು ಅದರ ವಿಸ್ತಾರದಲ್ಲಿ. ನಾಗರಿಕ ಸೌಲಭ್ಯ ಎಂಬ ಮಾತಿನಡಿ ಶಾಲೆಯಷ್ಟೇ ಅಲ್ಲ, ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು ಎಲ್ಲವೂ ಬರುತ್ತವೆ. ಇದರಲ್ಲಿ ಇಷ್ಟು ಪಾಲು ಸರ್ಕಾರಿ ಶಾಲೆಗೆ ಎಂಬ ಪ್ರತ್ಯೇಕ ಮೀಸಲು ಇಲ್ಲ. ಹೀಗಾಗಿ ಶಾಲೆಯೂ ಉಳಿದ ಅರ್ಜಿದಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

1989ರ ನಿಯಮಗಳ ಪ್ರಕಾರ ಈ ನಿವೇಶನಗಳನ್ನು ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡಲಾಗುತ್ತದೆ. ಟ್ರಸ್ಟ್‌ಗಳೂ ಸಂಘ ಸಂಸ್ಥೆಗಳೂ ಅರ್ಜಿ ಹಿಡಿದು ಬರುತ್ತವೆ. ಶಿಕ್ಷಣ ಇಲಾಖೆಯು ತಾನಾಗಿ ಅರ್ಜಿ ಹಿಡಿದು ಬರಬೇಕಾದರೆ ಅದಕ್ಕೆ ಅನುದಾನ ಬೇಕು, ಪ್ರಸ್ತಾವ ಬೇಕು, ಮೇಲಿನ ಒಪ್ಪಿಗೆ ಬೇಕು. ಅಷ್ಟರಲ್ಲಿ ನಿವೇಶನ ಇನ್ನೊಬ್ಬರ ಪಾಲಾಗಿರುತ್ತದೆ. ಸಾರ್ವಜನಿಕ ಉದ್ದೇಶದ ಜಾಗದಲ್ಲಿ ಶಾಲೆ ತಲೆಯೆತ್ತಿದರೂ ಅದರ ಶುಲ್ಕವನ್ನು ಆ ಬಡಾವಣೆಯ ಕಾವಲುಗಾರ ಕಟ್ಟಬಲ್ಲನೇ ಎಂಬುದು ಬೇರೆಯೇ ಪ್ರಶ್ನೆ.

ಕಾಯ್ದಿಟ್ಟ ಜಾಗ ಕಾಯ್ದಿಟ್ಟ ಉದ್ದೇಶಕ್ಕೇ ಬಳಕೆಯಾಗಬೇಕು ಎಂಬ ತತ್ವವನ್ನು ದೇಶಕ್ಕೆ ಕಲಿಸಿದ್ದು ಬೆಂಗಳೂರಿನದೇ ಒಂದು ಪ್ರಕರಣ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ 1991ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಆ ಹಂಚಿಕೆ ಸಲ್ಲದೆಂದು ಹೇಳಿದ್ದಲ್ಲದೆ ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆಯೆಂದೂ ಎತ್ತಿ ಹಿಡಿಯಿತು. ಉದ್ಯಾನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ನಾಗರಿಕ ಪ್ರಜ್ಞೆ ನಮ್ಮ ನಗರಕ್ಕೆ ಹೊಸದಲ್ಲ. ಅದೇ ಕಾಳಜಿ ಸರ್ಕಾರಿ ಶಾಲೆಯ ಜಾಗದ ವಿಷಯದಲ್ಲಿ ಅಷ್ಟೇ ಗಟ್ಟಿಯಾಗಿ ಕೇಳಿಬಂದದ್ದು ಅಪರೂಪ.

ಇನ್ನು ಕಾನೂನಿನ ಕೈಗೇ ಸಿಗದ ನಗರ ಒಂದಿದೆ. ಎರಡೆಕರೆ, ಮೂರೆಕರೆಯ ತುಂಡುಗಳಲ್ಲಿ ಒಂದೊಂದಾಗಿ ಏಳುವ ಸಮುಚ್ಚಯಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಒಂದು ಶಾಲೆ ಬೇಡುವಷ್ಟು ದೊಡ್ಡದಲ್ಲ. ಹತ್ತನ್ನು ಕೂಡಿಸಿದರೆ ಒಂದು ಊರೇ ಆಗುತ್ತದೆ. ಆದರೆ ಕೂಡಿಸಿ ನೋಡುವವರು ಯಾರೂ ಇಲ್ಲ. ರೆವಿನ್ಯೂ ನಿವೇಶನಗಳ ಬಡಾವಣೆಗಳಲ್ಲಂತೂ ಶಾಲೆಯಿರಲಿ, ಚರಂಡಿಗೂ ಜಾಗ ಬಿಟ್ಟಿರುವುದಿಲ್ಲ. ಅಕ್ರಮ ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ಬಿ ಖಾತಾ ನಿವೇಶನಗಳಿಗೆ ಎ ಖಾತಾ ಕೊಡುವ ಪ್ರಕ್ರಿಯೆಗೆ ಸರ್ಕಾರ ಚಾಲನೆ ನೀಡಿತು. ಖಾತೆ ಬದಲಾದರೂ ಬಿಟ್ಟಿರದ ಜಾಗ ಹುಟ್ಟುವುದಿಲ್ಲ. ಸರ್ಕಾರಿ ಶಾಲೆಯ ಅಗತ್ಯ ಹೆಚ್ಚಾಗಿರುವ ಕಡೆಯೇ ಶಾಲೆಗೆ ನೆಲವಿಲ್ಲ ಎಂಬುದು ಈ ನಗರದ ವಿಪರ್ಯಾಸ.

ನಗರದ ಮಹಾಯೋಜನೆಯಾದರೂ ಇದನ್ನು ಸರಿಪಡಿಸಬಹುದಿತ್ತು. 2007ರಲ್ಲಿ ಜಾರಿಗೆ ಬಂದ ಯೋಜನೆ 2015ಕ್ಕೆ ಎಂದು ರೂಪಿಸಿದ್ದು. 2031ಕ್ಕೆಂದು 2017ರಲ್ಲಿ ಪ್ರಕಟವಾದ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು. ಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಖಾಸಗಿ ಜಮೀನನ್ನು ಐದು ವರ್ಷಗಳೊಳಗೆ ಸ್ವಾಧೀನಕ್ಕೆ ತೆಗೆದುಕೊಳ್ಳಲು ಮುಂದಾಗದಿದ್ದರೆ ಆ ಗುರುತು ತಾನಾಗಿ ಬಿದ್ದುಹೋಗುತ್ತದೆಂದು 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಂ ಹೇಳುತ್ತದೆ. ಜಮೀನಿನ ಮಾಲೀಕರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಹಣ ತೆಗೆದಿರಿಸದೆ ನಕ್ಷೆಗೆ ಬಣ್ಣ ಬಳಿದರೆ ಶಾಲೆ ಬರುವುದಿಲ್ಲ ಎಂಬ ಪಾಠವೂ ಇದರಲ್ಲಿದೆ.

‘ನಮ್ಮ ಮಕ್ಕಳು ಅಲ್ಲಿಗೆ ಹೋಗುವುದಿಲ್ಲವಲ್ಲ!’

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಸಮುಚ್ಚಯಗಳಲ್ಲಿ ಮನೆ ಕೊಳ್ಳುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸುವುದಿಲ್ಲ. ಹಾಗಿರುವಾಗ ಆ ಮನೆಗಳಿಗೂ ಸರ್ಕಾರಿ ಶಾಲೆಯ ಕೋಣೆಗಳಿಗೂ ಏನು ಸಂಬಂಧ? ಮಾತು ಮೇಲ್ನೋಟಕ್ಕೆ ಸರಿ. ಆದರೆ ಒಂದು ಸಮುಚ್ಚಯ ಎಂದರೆ ಅದರ ಮಾಲೀಕರಷ್ಟೇ ಅಲ್ಲ. ಅದನ್ನು ಕಟ್ಟುವಾಗ ನೀಲಿ ತಗಡಿನ ಶೆಡ್ಡುಗಳಲ್ಲಿ ಎರಡು ಮೂರು ವರ್ಷ ಕಾರ್ಮಿಕರ ಕುಟುಂಬಗಳಿರುತ್ತವೆ. ಕಟ್ಟಿ ಮುಗಿದ ಮೇಲೆ ಕಾವಲುಗಾರರು, ಮನೆಗೆಲಸದವರು, ಅಡುಗೆಯವರು, ಕಾರು ಚಾಲಕರು, ತೋಟದ ಕೆಲಸದವರು, ಇಸ್ತ್ರಿ ಮಾಡುವವರು ಸುತ್ತಮುತ್ತಲೇ ಬಾಡಿಗೆ ಹಿಡಿಯುತ್ತಾರೆ. ಸಮುಚ್ಚಯದ ಗೇಟಿನ ಒಳಗಿನ ಮಕ್ಕಳಿಗಿಂತ ಹೊರಗಿನ ಮಕ್ಕಳೇ ಸರ್ಕಾರಿ ಶಾಲೆಯನ್ನು ತುಂಬುವವರು. ನಕ್ಷೆಯಲ್ಲಿ ಅವರ ಮನೆಗಳಿಲ್ಲ. ಆದರೆ ಆ ನಕ್ಷೆ ಮಂಜೂರಾದ ಕಾರಣಕ್ಕೇ ಅವರು ಇಲ್ಲಿಗೆ ಬಂದದ್ದು.

ಸರಳ ಲೆಕ್ಕವೊಂದನ್ನು ನೋಡೋಣ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಯೋಜನಾ ಮಾರ್ಗಸೂಚಿಯ ಪ್ರಕಾರ ಪ್ರತಿ 5,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಶಾಲೆ ಬೇಕು. ಅದಕ್ಕೆ ಸುಮಾರು ಒಂದು ಎಕರೆ ಜಾಗ ಬೇಕು. ಪ್ರತಿ 7,500 ಜನಕ್ಕೆ ಒಂದು ಪ್ರೌಢಶಾಲೆ ಬೇಕು. ಮನೆಗೆ ನಾಲ್ವರಂತೆ ಹಿಡಿದರೆ 1,250 ಮನೆಗಳು ಎದ್ದ ಕಡೆ ಒಂದು ಪ್ರಾಥಮಿಕ ಶಾಲೆ ಇರಬೇಕು. ಹೊರವರ್ತುಲ ರಸ್ತೆಯ ಆಚೆ ಇಷ್ಟು ಮನೆಗಳು ಸೇರಲು ಒಂದೆರಡು ಯೋಜನೆಗಳು ಸಾಕು. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲವನ್ನೂ ಕೂಡಿಸಿದ ಲೆಕ್ಕ ಇದು ಎಂದು ಒಪ್ಪಿಕೊಂಡರೂ, ಸರ್ಕಾರಿ ಪಾಲು ಸೊನ್ನೆಯಾಗಿರುವುದು ಯಾವ ಮಾರ್ಗಸೂಚಿಯ ಲೆಕ್ಕಕ್ಕೂ ಸರಿಹೊಂದದು.

ಮಧ್ಯಮ ವರ್ಗವೂ ಇದರ ಬೆಲೆ ತೆರುತ್ತಿದೆ. ಹತ್ತಿರದಲ್ಲಿ ಒಳ್ಳೆಯ ಸಾರ್ವಜನಿಕ ಶಾಲೆ ಇಲ್ಲದಿರುವುದರಿಂದಲೇ ಖಾಸಗಿ ಶಾಲೆಯೊಂದೇ ಗತಿಯಾಗಿದೆ. ಪ್ರತಿಸ್ಪರ್ಧಿಯಿಲ್ಲದ ಅಂಗಡಿ ತನಗೆ ತೋಚಿದ ಬೆಲೆ ಹಾಕುತ್ತದೆ. ಆರು ವರ್ಷದ ಮಗು ಬೆಳಿಗ್ಗೆ ಏಳಕ್ಕೆ ಹಳದಿ ಬಸ್ಸು ಹತ್ತಿ ಸಂಚಾರ ದಟ್ಟಣೆಯಲ್ಲಿ ನಿದ್ದೆ ಹೋಗುತ್ತದೆ. ಅದೇ ಬಸ್ಸು ಇನ್ನೊಬ್ಬರ ಕಚೇರಿಯ ದಾರಿಯನ್ನೂ ನಿಧಾನವಾಗಿಸುತ್ತದೆ. ನೆರೆಹೊರೆಯ ಶಾಲೆಯಿಲ್ಲದ ನಗರ ಬೆಳಿಗ್ಗೆ ಎರಡು ಗಂಟೆ ರಸ್ತೆಯಲ್ಲಿ ನಿಂತೇ ಇರುತ್ತದೆ.

ಬಡವರ ಪಾಲಿಗೆ ಇದ್ದ ಇನ್ನೊಂದು ಕಿಟಕಿಯೂ ಕಿರಿದಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಾಗಿದ್ದವು. ರಾಜ್ಯ ಸರ್ಕಾರ 2018ರ ಕೊನೆಯಲ್ಲಿ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗಳಿಗೆ ಆ ಹೊಣೆಯಿಂದ ವಿನಾಯಿತಿ ನೀಡಿತು. ಸರ್ಕಾರಿ ಶಾಲೆಗಳು ಖಾಲಿಯಾಗಬಾರದು ಎಂಬ ಕಾರಣಕ್ಕೆ ತಿದ್ದುಪಡಿಯನ್ನು ಸಮರ್ಥಿಸಿಕೊಳ್ಳಬಹುದು. ಹಾಗಾದರೆ ಆ ಶಾಲೆಯಲ್ಲಿ ಶಾಲೆಯೆಂಬ ಫಲಕದ ಜೊತೆಗೆ ಕೂರುವ ಜಾಗವೂ ಇರಬೇಕು. ಒಂದರಿಂದ ಐದನೇ ತರಗತಿಯಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕ, ಶಿಕ್ಷಕನಿಗೊಂದು ಕೋಣೆ ಎಂಬುದೂ ಅದೇ ಕಾಯ್ದೆಯ ಮಾತು.

ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿರುವಾಗ ಹೊಸ ಕೋಣೆ ಏಕೆ ಎಂದು ಕೇಳುವವರೂ ಇದ್ದಾರೆ. ರಾಜ್ಯದ ಸರಾಸರಿ ಅಂಕಿ ಇಟ್ಟುಕೊಂಡು ಕೋಣೆ ಕಟ್ಟಲಾಗುವುದಿಲ್ಲ. ಹಳೆಯ ನಗರದ ನಡುವೆ ಮನೆಗಳು ಅಂಗಡಿಗಳಾಗಿ ಮಕ್ಕಳು ಕಡಿಮೆಯಾದರೆ, ಹೊರಗೆ ಹೊಲಗಳು ಮನೆಗಳಾಗಿ ಮಕ್ಕಳು ಹೆಚ್ಚಾಗುತ್ತಾರೆ. ಅಲ್ಲಿನ ಖಾಲಿ ಬೆಂಚು ಇಲ್ಲಿನ ಜಗುಲಿಯ ಮಗುವಿಗೆ ಉಪಯೋಗಕ್ಕೆ ಬರುವುದಿಲ್ಲ. ಸರಾಸರಿಯಲ್ಲಿ ಮರೆಯಾಗುವ ಈ ಸ್ಥಳಾಂತರವನ್ನು ಮೊದಲೇ ಕಾಣಲು ಇರುವ ಒಂದೇ ಕಿಂಡಿ ಎಂದರೆ ಹೊಸ ಮನೆಗಳ ಮಂಜೂರಾತಿ.

ಮಾಂಟ್ಗೊಮರಿ ಕಲಿತ ಪಾಠ

ಈ ಜೋಡಣೆಯನ್ನು ದಶಕಗಳ ಕಾಲ ಪ್ರಯೋಗಿಸಿದ ಊರುಗಳಿವೆ. ಅಮೆರಿಕದ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಿರುವ ಮಾಂಟ್ಗೊಮರಿ ಕೌಂಟಿ 1973ರಲ್ಲೇ ಒಂದು ಕಟ್ಟಳೆ ಮಾಡಿತು: ರಸ್ತೆ, ನೀರು, ಶಾಲೆ ಮೊದಲಾದ ಸಾರ್ವಜನಿಕ ಸೌಕರ್ಯ ಸಾಕಷ್ಟಿದ್ದರೆ ಮಾತ್ರ ಹೊಸ ಬಡಾವಣೆಗೆ ಒಪ್ಪಿಗೆ. ಕಾಲಕ್ರಮದಲ್ಲಿ ಶಾಲೆಯ ಲೆಕ್ಕ ಇನ್ನೂ ಬಿಗಿಯಾಯಿತು. ಒಂದು ಪ್ರದೇಶದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಸಾಮರ್ಥ್ಯದ ಶೇ 120 ಮೀರಲಿದೆ ಎಂದು ಅಂದಾಜಾದರೆ ಅಲ್ಲಿ ಹೊಸ ವಸತಿ ಯೋಜನೆಗಳಿಗೆ ತಡೆ ಬೀಳುತ್ತಿತ್ತು. ಕೇಳಲು ಎಷ್ಟು ಚೆನ್ನ! ಆದರೆ ಅನುಭವ ಬೇರೆಯೇ ಆಯಿತು. ಹೊಸ ಮಕ್ಕಳಲ್ಲಿ ಹೆಚ್ಚಿನವರು ಬರುತ್ತಿದ್ದುದು ಹೊಸ ಕಟ್ಟಡಗಳಿಂದಲ್ಲ. ಹಳೆಯ ಮನೆಗಳನ್ನು ವೃದ್ಧರು ಮಾರಿ, ಮಕ್ಕಳಿರುವ ಕುಟುಂಬಗಳು ಕೊಂಡಾಗ. ತಡೆ ಹಾಕಿದರೂ ಶಾಲೆ ತುಂಬುವುದು ನಿಲ್ಲಲಿಲ್ಲ. ನಿಂತದ್ದು ಮನೆಗಳ ನಿರ್ಮಾಣ. 2020ರಲ್ಲಿ ಕೌಂಟಿ ಆ ತಡೆಯನ್ನು ಕೈಬಿಟ್ಟು, ಒತ್ತಡವಿರುವ ಕಡೆ ಕಟ್ಟುವವರಿಂದ ಶಾಲೆಗಾಗಿ ಹೆಚ್ಚುವರಿ ಹಣ ಪಡೆಯುವ ಕ್ರಮಕ್ಕೆ ಬಂತು. ಫ್ಲಾರಿಡಾ ರಾಜ್ಯವೂ 2005ರಲ್ಲಿ ಇಂಥ ಜೋಡಣೆಯನ್ನು ಕಡ್ಡಾಯ ಮಾಡಿ, 2011ರಲ್ಲಿ ಸ್ಥಳೀಯ ಸಂಸ್ಥೆಗಳ ಇಚ್ಛೆಗೆ ಬಿಟ್ಟಿತು. ಇಂಗ್ಲೆಂಡಿನಲ್ಲಿ 1990ರ ನಗರ ಯೋಜನಾ ಕಾಯ್ದೆಯ 106ನೇ ಕಲಂ ಪ್ರಕಾರ ಅನುಮತಿ ಕೊಡುವಾಗಲೇ ಶಾಲೆಯೂ ಸೇರಿದಂತೆ ಸೌಕರ್ಯಗಳಿಗೆ ನಿರ್ಮಾಪಕರ ಪಾಲನ್ನು ಒಪ್ಪಂದದ ಮೂಲಕ ಕಟ್ಟಿಹಾಕಲಾಗುತ್ತದೆ.

ನಮಗೆ ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಶಾಲೆಯ ನೆಪ ಹೇಳಿ ಮನೆಗಳನ್ನು ತಡೆಯುವುದು ತಪ್ಪು. ತಡೆದರೆ ಬಾಡಿಗೆ ಏರುತ್ತದೆ, ಬಡವರು ಇನ್ನಷ್ಟು ದೂರಕ್ಕೆ, ಇನ್ನಷ್ಟು ಅಕ್ರಮ ಬಡಾವಣೆಗಳಿಗೆ ಸರಿಯುತ್ತಾರೆ. ಶಾಲೆ ಕಟ್ಟಬೇಕಾದ ಸರ್ಕಾರ ಮಾತ್ರ ಆರಾಮವಾಗಿರುತ್ತದೆ. ಎರಡನೆಯದು, ಮೊದಲೇ ಲೆಕ್ಕ ಹಾಕುವುದು, ಮೊದಲೇ ಜಾಗ ಹಿಡಿಯುವುದು, ಮೊದಲೇ ಹಣ ಕೂಡಿಸುವುದು ಈ ಮೂರೂ ಫಲ ಕೊಡುವ ಕೆಲಸಗಳು.

ಆಗಬೇಕಾದದ್ದೇನು?

ಲೆಕ್ಕಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಅಥವಾ ಎಂಟು ಮನೆಗಳನ್ನು ಮೀರಿದ ಪ್ರತಿ ಯೋಜನೆಯೂ ರೇರಾದಲ್ಲಿ ನೋಂದಣಿಯಾಗಬೇಕು. ಎಲ್ಲಿ, ಎಷ್ಟು ಮನೆಗಳು, ಯಾವ ತಿಂಗಳಿಗೆ ಮುಗಿಯುತ್ತವೆ ಎಂಬುದು ಅಲ್ಲಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಕೋಣೆ, ಎಷ್ಟು ಶಿಕ್ಷಕರು, ಎಷ್ಟು ಮಕ್ಕಳು ಎಂಬುದು ಯು-ಡೈಸ್ ದಾಖಲೆಯಲ್ಲಿ ವರ್ಷವರ್ಷವೂ ಸೇರುತ್ತದೆ. ಈ ಎರಡು ಪಟ್ಟಿಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ ಯಾವ ವಾರ್ಡಿನಲ್ಲಿ ಮೂರು ವರ್ಷದ ನಂತರ ಜಗುಲಿ ತುಂಬುತ್ತದೆ ಎಂದು ಇಂದೇ ತಿಳಿಯುತ್ತದೆ. ಈ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದನ್ನು ಕಡ್ಡಾಯ ಮಾಡಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ ಕೈಗೆ ಆ ಪಟ್ಟಿ ಬಂದರೆ ಅನುದಾನದ ಪ್ರಸ್ತಾವವನ್ನು ಮಕ್ಕಳು ಬಂದು ನಿಂತ ಮೇಲೆ ಬರೆಯುವ ಬದಲು ಮೊದಲೇ ಬರೆಯಬಹುದು.

ಹಾಗೆಂದು ಶಿಕ್ಷಣ ಇಲಾಖೆಯಿಂದ ಇನ್ನೊಂದು ನಿರಾಕ್ಷೇಪಣಾ ಪತ್ರ ತರಬೇಕೆಂದು ನಿಯಮ ಮಾಡುವುದು ಮಾತ್ರ ಬೇಡ. ಕಡತ ಅಲೆಯುವ ಮೇಜುಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ. ಹೊಸ ಮೇಜು ಎಂದರೆ ಹೊಸ ‘ಮಾಮೂಲು’ ಎಂಬ ಭಯ ಆಧಾರವಿಲ್ಲದ್ದಲ್ಲ. ಬೇಕಿರುವುದು ಅಧಿಕಾರಿಯ ಮರ್ಜಿಯಲ್ಲ, ಸೂತ್ರ: ಇಷ್ಟು ಮನೆಗೆ ಇಷ್ಟು ಹಣ, ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಜಾಗ.

ಜಾಗದ ವಿಷಯದಲ್ಲಿ ನಿಯಮ ಸ್ಪಷ್ಟವಾಗಬೇಕು. ನಾಗರಿಕ ಸೌಲಭ್ಯಕ್ಕೆ ಬಿಟ್ಟ ನಿವೇಶನವನ್ನು ಇತರರಿಗೆ ಕೊಡುವ ಮುನ್ನ ಶಿಕ್ಷಣ ಇಲಾಖೆಗೆ ಮೊದಲ ಹಕ್ಕು ಇರಬೇಕು. ಅದು ಬೇಡವೆಂದು ಕಾರಣ ಸಹಿತ ಬರೆದುಕೊಟ್ಟ ಮೇಲೆಯೇ ಉಳಿದವರ ಸರದಿ. ನಗರದ ಉತ್ತರಕ್ಕೆ 17 ಹಳ್ಳಿಗಳ ನೆಲದಲ್ಲಿ ಶಿವರಾಮ ಕಾರಂತ ಬಡಾವಣೆ ರೂಪುಗೊಳ್ಳುತ್ತಿದೆ. 2008ರಲ್ಲಿ ಅದರ ಪ್ರಾಥಮಿಕ ಅಧಿಸೂಚನೆ ಹೊರಟಿದ್ದು 3,546 ಎಕರೆಗೆ. ಅಂಥ ಬಡಾವಣೆಯಲ್ಲಿ ಶೇ 10 ಎಂದರೆ ನೂರಾರು ಎಕರೆ. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳ ಕಲಿಕೆಯನ್ನೇ ಪ್ರಯೋಗವಾಗಿಸಿಕೊಂಡ ಕಾರಂತರ ಹೆಸರು ಹೊತ್ತ ಬಡಾವಣೆಯಲ್ಲಿ ಸರ್ಕಾರಿ ಶಾಲೆಗಳ ಜಾಗವನ್ನು ಮೊದಲೇ ಗುರುತಿಸಿ ಬೇಲಿ ಹಾಕದಿದ್ದರೆ ಆ ಹೆಸರಿಗಾದರೂ ಏನು ಅರ್ಥ? ಈಗಾಗಲೇ ತುಂಬಿಹೋದ ಪ್ರದೇಶಗಳಲ್ಲಿ ಜಾಗವಿಲ್ಲದಿದ್ದರೆ ಇರುವ ಶಾಲೆಯ ಮೇಲೆ ಎರಡು ಅಂತಸ್ತು ಏರಿಸಬಹುದು. ಪಕ್ಕದ ತುಂಡು ಭೂಮಿಯನ್ನು ಅಭಿವೃದ್ಧಿ ಹಕ್ಕು ವರ್ಗಾವಣೆಯ ಮೂಲಕ ಪಡೆಯಬಹುದು. ರಸ್ತೆ ಅಗಲಿಸಲು ಬಳಸುವ ಸಾಧನ ಶಾಲೆ ಅಗಲಿಸಲು ಏಕೆ ಆಗದು?

ಇನ್ನು ಹಣ. ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18-ಎ ಕಲಂ ಪ್ರಕಾರ ಬಡಾವಣೆ ಮತ್ತು ಕಟ್ಟಡಗಳಿಗೆ ಅನುಮತಿ ಕೊಡುವಾಗ ನಾಲ್ಕು ಉದ್ದೇಶಗಳಿಗೆ ಸೆಸ್ ಅಥವಾ ಸರ್ಚಾರ್ಜ್ ವಸೂಲು ಮಾಡಬಹುದು: ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ ಮತ್ತು ಸಮೂಹ ಸಾರಿಗೆ. ಹೊಸ ಮನೆ ಬಂದರೆ ನೀರು ಬೇಕು, ರಸ್ತೆ ಬೇಕು, ಮೆಟ್ರೊ ಬೇಕು ಎಂದು ಶಾಸಕಾಂಗ ಒಪ್ಪಿಕೊಂಡಿದೆ ಎಂದಾಯಿತು. ಆ ಪಟ್ಟಿಗೆ ‘ಶಾಲೆ’ ಎಂಬ ಒಂದು ಪದ ಸೇರಿಸಲು ಬೇಕಿರುವುದು ಸಣ್ಣ ತಿದ್ದುಪಡಿ. ಹೀಗೆ ಬಂದ ಹಣ ಖಜಾನೆಯ ಸಮುದ್ರಕ್ಕೆ ಸೇರದೆ ಆ ವಾರ್ಡಿನ ಶಾಲೆಗೇ ಹೋಗುವಂತೆ ಪ್ರತ್ಯೇಕ ಖಾತೆಯಲ್ಲಿರಬೇಕು. ನಿರ್ಮಾಪಕರು ಇದನ್ನು ಕೊಳ್ಳುವವರ ಮೇಲೆ ಹಾಕುತ್ತಾರೆಂಬುದು ನಿಜ. ಈಜುಕೊಳಕ್ಕೂ ಕ್ಲಬ್‌ಹೌಸಿಗೂ ಹಣ ಕೊಡುವ ಗ್ರಾಹಕ ತನ್ನ ಮನೆಗೆಲಸದಾಕೆಯ ಮಗುವಿನ ಕೋಣೆಗೂ ಒಂದು ಸಣ್ಣ ಪಾಲು ಕೊಟ್ಟರೆ ಅದು ದಾನವಲ್ಲ, ಆ ಮನೆಯ ನಿಜವಾದ ಬೆಲೆ.

ನಿರ್ಮಾಣ ವೆಚ್ಚದ ಒಂದು ಪಾಲು ಕಾರ್ಮಿಕ ಸೆಸ್ ರೂಪದಲ್ಲಿ ಈಗಾಗಲೇ ಸಂದಾಯವಾಗುತ್ತಿದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ ಇರುವ ಈ ಹಣದ ಒಂದು ಭಾಗದಿಂದ ಕಾಮಗಾರಿ ನಡೆಯುವ ಎರಡು ಮೂರು ವರ್ಷ ಹತ್ತಿರದ ಶಾಲೆಗೆ ತಾತ್ಕಾಲಿಕ ಕೋಣೆಯನ್ನೂ ಅತಿಥಿ ಶಿಕ್ಷಕರನ್ನೂ ಒದಗಿಸಿದರೆ ಸೆಸ್‌ನ ಉದ್ದೇಶವೇ ಈಡೇರಿದಂತಾಗುತ್ತದೆ.

ಕೊನೆಯದಾಗಿ, ಸಮಯ. ದೊಡ್ಡ ಯೋಜನೆಗಳು ಹಂತಹಂತವಾಗಿ ಮುಗಿಯುತ್ತವೆ. ಮೊದಲ ಹಂತದ ಸ್ವಾಧೀನಾನುಭವ ಪತ್ರ ಕೊಡುವ ಹೊತ್ತಿಗೆ ಶಾಲೆಯ ಜಾಗ ಹಸ್ತಾಂತರವಾಗಿ ಹಣ ಸಂದಾಯವಾಗಿರಬೇಕೆಂದು ಷರತ್ತು ವಿಧಿಸಬಹುದು. ಷರತ್ತು ಸರ್ಕಾರಕ್ಕೂ ಅನ್ವಯಿಸಬೇಕು: ಹಣ ಪಡೆದ ಮೂರು ವರ್ಷಗಳೊಳಗೆ ಕೋಣೆ ಕಟ್ಟದಿದ್ದರೆ ಅದಕ್ಕೆ ಉತ್ತರ ಹೇಳಬೇಕಾದ ಅಧಿಕಾರಿಯ ಹುದ್ದೆಯನ್ನು ನಿಯಮದಲ್ಲೇ ನಮೂದಿಸಬೇಕು. ಒಂದೇ ಪಕ್ಷವನ್ನು ಕಟ್ಟಿಹಾಕುವ ಷರತ್ತು ಸುಲಿಗೆಯಾಗುತ್ತದೆ.

ಇದಕ್ಕೆ ಈಗ ಒಂದು ಅವಕಾಶ ಒದಗಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ಹಳೆಯ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾದವು. ಅವುಗಳ ಮೇಲೆ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಇಲಾಖೆಗಳು ಪರಸ್ಪರ ಮಾತನಾಡುವುದಿಲ್ಲ ಎಂಬುದೇ ಸಮಸ್ಯೆಯಾಗಿದ್ದರೆ, ಶಿಕ್ಷಣ ಇಲಾಖೆಗೂ ನಗರಾಭಿವೃದ್ಧಿ ಇಲಾಖೆಗೂ ಒಡೆಯರಾದವರೇ ಅಲ್ಲಿ ಕುಳಿತಿದ್ದಾರೆ. ಇನ್ನು ನೆಪಕ್ಕೆ ಎಡೆಯಿಲ್ಲ.

1898ರಲ್ಲಿ ಪ್ಲೇಗು ಬಂದು ನಗರ ನಲುಗಿದಾಗ ಹಿರಿಯರು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಗಾಳಿ ಬೆಳಕು ಬೇಕೆಂದು ಅಗಲದ ರಸ್ತೆ ಬಿಟ್ಟರು, ಉದ್ಯಾನಕ್ಕೆ ಜಾಗ ಬಿಟ್ಟರು. ಆರೋಗ್ಯಕ್ಕೆ ಏನು ಬೇಕೆಂದು ಮನೆ ಕಟ್ಟುವ ಮೊದಲೇ ಯೋಚಿಸುವುದು ಈ ಊರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಈ ಜೂನ್‌ನಲ್ಲಿ ಜಗುಲಿಯ ಮೇಲೆ ಕುಳಿತ ಮಗು ಐದನೇ ತರಗತಿಗೆ ಬರುವ ಹೊತ್ತಿಗೆ ಅದರ ಶಾಲೆಯ ಸುತ್ತ ಇನ್ನೆಷ್ಟು ಗೋಪುರಗಳು ಏಳಲಿವೆ ಎಂಬುದು ಸರ್ಕಾರದ ಕಡತದಲ್ಲಿ ಇಂದೇ ಇದೆ. ಆ ಕಡತವನ್ನು ಶಾಲೆಯ ಕಡೆಯವರಿಗೂ ಒಮ್ಮೆ ತೋರಿಸಿ ಎಂಬುದಷ್ಟೇ ಆ ಮಗುವಿನ ಪರವಾದ ಬೇಡಿಕೆ.